ಎಟಿಸಿಯಲ್ಲಿ ಜನ ಸಾಲದಿದ್ದರೆ ನಮ್ಮ ವಿಮಾನಕ್ಕೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ರಾಜಾನುಕುಂಟೆ ಕಡೆ. ತಾರಸಿಗೆ ಬಟ್ಟೆ ಒಣಹಾಕಲು ಹೋದರೆ ವಿಮಾನದ ಚಕ್ರ ಎಣಿಸಬಹುದು. ಚಿಕ್ಕಮ್ಮನ ಮಗಳು ಬೇರೊಂದು ಊರಿನ ಏರ್‌ಪೋರ್ಟ್‌ನಲ್ಲಿ ಏರ್ ಟ್ರಾಫಿಕ್ ಕಂಟ್ರೋಲರ್, ಅಂದರೆ ವಿಮಾನಗಳಿಗೆ ದಾರಿ ಹೇಳುವ ಎಟಿಸಿಯವಳು. ಈ ಎರಡು ಕಾರಣಕ್ಕೆ, ಟಿವಿಯಲ್ಲಿ ವಿಮಾನದ ಸುದ್ದಿ ಬಂದಾಗಲೆಲ್ಲ ಆಫೀಸಿನವರು, ಪಕ್ಕದ ಮನೆಯವರು ನನ್ನನ್ನೇ ಹಿಡಿದು ಕೇಳುತ್ತಾರೆ. ಒಂದೇ ಉತ್ತರ ಹತ್ತು ಸಲ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಎಟಿಸಿ ಅಂದರೆ ಆ ಎತ್ತರದ ಟವರ್‌ನಲ್ಲಿ ಕೂತವರು ತಾನೇ?

ಅವರೂ ಹೌದು, ಆದರೆ ಅವರಷ್ಟೇ ಅಲ್ಲ. ಟವರ್‌ನವರು ಗಾಜಿನಾಚೆ ಕಣ್ಣಲ್ಲೇ ನೋಡಿ ರನ್‌ವೇ ಕೊಡುತ್ತಾರೆ. ವಿಮಾನ ಟರ್ಮಿನಲ್‌ನಿಂದ ರನ್‌ವೇ ತನಕ ಬರುವುದನ್ನು ಗ್ರೌಂಡ್ ಕಂಟ್ರೋಲರ್ ನೋಡಿಕೊಳ್ಳುತ್ತಾರೆ. ಮೇಲೆ ಹಾರಿದ ಮೇಲೆ, ಇಳಿಯಲು ಬರುವಾಗ, ಮಂದ ಬೆಳಕಿನ ಕೋಣೆಯಲ್ಲಿ ರಾಡಾರ್ ಪರದೆ ಮುಂದೆ ಕೂತ ಅಪ್ರೋಚ್ ಕಂಟ್ರೋಲರ್‌ಗಳ ಕೆಲಸ. ಇನ್ನೂ ಮೇಲಕ್ಕೆ ಹೋದರೆ ಏರಿಯಾ ಕಂಟ್ರೋಲ್. ನಮ್ಮ ತಲೆ ಮೇಲೇ ಹಾರುತ್ತಿದ್ದರೂ, ತುಂಬಾ ಎತ್ತರದಲ್ಲಿರುವ ವಿಮಾನದ ಜೊತೆ ಮಾತಾಡುತ್ತಿರುವವರು ಚೆನ್ನೈನಲ್ಲಿ ಕೂತಿರುತ್ತಾರೆ.

ಎಲ್ಲರದ್ದೂ ಒಂದೇ ಲೆಕ್ಕ. ಎರಡು ವಿಮಾನಗಳ ನಡುವೆ ಮೇಲೆ ಕೆಳಗೆ 1,000 ಅಡಿ ಇರಬೇಕು. ಅದಿಲ್ಲದಿದ್ದರೆ ಅಕ್ಕಪಕ್ಕದಲ್ಲಿ ನಿಲ್ದಾಣದ ಹತ್ತಿರ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ, ದೂರದಲ್ಲಿ 5 ನಾಟಿಕಲ್ ಮೈಲಿ ಇರಬೇಕು. ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿಲೋಮೀಟರ್. ಕೇಳಲು ದೂರ ಅನ್ನಿಸುತ್ತದೆ. ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬರುವ ಎರಡು ವಿಮಾನಗಳಿಗೆ 5 ಮೈಲಿ ಅಂದರೆ ಇಪ್ಪತ್ತು ಸೆಕೆಂಡು ಚಿಲ್ಲರೆ, ಅಷ್ಟೇ.

ಬೆಂಗಳೂರಲ್ಲಿ ಇದೆಲ್ಲ ಯಾರ ಕೈಯಲ್ಲಿದೆ?

ಕೆಂಪೇಗೌಡ ನಿಲ್ದಾಣದ ಟರ್ಮಿನಲ್, ಪಾರ್ಕಿಂಗ್, ಅಂಗಡಿ ಎಲ್ಲ ನಿಲ್ದಾಣ ನಡೆಸುವ ಕಂಪನಿ ಬಿಐಎಎಲ್‌ನದ್ದು. ಆದರೆ ಕಂಟ್ರೋಲರ್‌ಗಳು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ, ಅಂದರೆ ಎಎಐನ ನೌಕರರು. ಇವರ ಮೇಲೆ ಕಣ್ಣಿಡುವುದು ಡಿಜಿಸಿಎ, ಅಂದರೆ ವಿಮಾನಯಾನದ ನಿಯಮ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ಇದರ ಜೊತೆಗೆ ನಮ್ಮೂರಿನ ಆಕಾಶ ಒಬ್ಬರ ಆಸ್ತಿಯಲ್ಲ. ಎಚ್‌ಎಎಲ್ ನಿಲ್ದಾಣಕ್ಕೆ ಎಚ್‌ಎಎಲ್‌ನದ್ದೇ ಕಂಟ್ರೋಲರ್‌ಗಳು, ಯಲಹಂಕದಲ್ಲಿ ವಾಯುಪಡೆ, ಜಕ್ಕೂರಿನಲ್ಲಿ ತರಬೇತಿ ವಿಮಾನಗಳು. ಎಲ್ಲರೂ ಒಬ್ಬರಿಗೊಬ್ಬರು ಹೇಳಿ ಕೇಳಿಯೇ ಹಾರಿಸಬೇಕು. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದಾಗ ದೇವನಹಳ್ಳಿಯಲ್ಲಿ ಕೆಲವು ಗಂಟೆ ವಿಮಾನ ನಿಲ್ಲಿಸುವುದು ಇದೇ ಕಾರಣಕ್ಕೆ.

ದೇವನಹಳ್ಳಿ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಯಿತು. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಂತು. ಈಗ ವರ್ಷಕ್ಕೆ 4 ಕೋಟಿಗೂ ಜಾಸ್ತಿ ಜನ ಓಡಾಡುತ್ತಾರೆ, ದಿನಕ್ಕೆ 700ಕ್ಕೂ ಜಾಸ್ತಿ ವಿಮಾನ ಇಳಿಯುತ್ತವೆ, ಏರುತ್ತವೆ.

ಜನ ಕಡಿಮೆ ಅಂದರೆ ಕುರ್ಚಿ ಖಾಲಿ ಬಿದ್ದಿರುತ್ತದಾ?

ಇಲ್ಲ. ಇದೇ ಎಲ್ಲರೂ ತಪ್ಪು ತಿಳಿದಿರುವ ವಿಷಯ. ಎಟಿಸಿಯಲ್ಲಿ ಕುರ್ಚಿ ಖಾಲಿ ಬಿಡುವ ಹಾಗಿಲ್ಲ. ಹಾಗಾಗಿ ಎರಡು ಕುರ್ಚಿಯ ಕೆಲಸವನ್ನು ಒಬ್ಬರಿಗೆ ಕೊಡುತ್ತಾರೆ.

ನಮ್ಮ ದರ್ಶಿನಿಗಳನ್ನು ನೋಡಿ. ಟೋಕನ್ ಕೊಡುವವನು ಒಬ್ಬ, ದೋಸೆ ಕೌಂಟರ್‌ನಲ್ಲಿ ಒಬ್ಬ, ಕಾಫಿಗೆ ಇನ್ನೊಬ್ಬ. ಬೆಳಗ್ಗೆ ಹನ್ನೊಂದೂವರೆಗೆ ಕಾಫಿಯವನು ಊರಿಗೆ ಹೋಗಿದ್ದಾನೆ ಅಂದುಕೊಳ್ಳಿ. ಟೋಕನ್‌ನವನೇ ಎದ್ದು ಬಂದು ಒಂದು ಬೈಟು ಕಾಫಿ ಕೊಟ್ಟು ಹೋಗುತ್ತಾನೆ. ಯಾರಿಗೂ ಗೊತ್ತೇ ಆಗುವುದಿಲ್ಲ. ಅದೇ ಎಂಟೂವರೆಗೆ? ಒಬ್ಬರ ಚಿಲ್ಲರೆ ಇನ್ನೊಬ್ಬರ ಕೈಗೆ, ಒಬ್ಬರ ಸ್ಟ್ರಾಂಗ್ ಕಾಫಿ ಇನ್ನೊಬ್ಬರ ಟೇಬಲ್‌ಗೆ. ಅಲ್ಲಿ ಹೋದರೆ ಇಪ್ಪತ್ತು ರೂಪಾಯಿ.

ಕುರ್ಚಿ ಸೇರಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ರಾತ್ರಿ ಎರಡು ಗಂಟೆಗೆ ವಿಮಾನ ಕಡಿಮೆ ಇದ್ದಾಗ ಪ್ರಪಂಚದ ಎಲ್ಲ ಕಡೆ ಸೇರಿಸುತ್ತಾರೆ, ನಿಯಮದಲ್ಲೇ ಅದಕ್ಕೆ ಜಾಗ ಇದೆ. ತೊಂದರೆ ಇರುವುದು ವಿಮಾನದ ಲೆಕ್ಕ ನೋಡದೆ ಹಾಜರಿಯ ಲೆಕ್ಕ ನೋಡಿ ಸೇರಿಸಿದಾಗ. ಆಗ ಮೊದಲು ಹೋಗುವುದು ಎರಡನೇ ಜೊತೆ ಕಣ್ಣು. ಪಕ್ಕದಲ್ಲಿ ಕೂತು "ಏಯ್, ಅದು ನೋಡು" ಅನ್ನುವವರು ಇರುವುದಿಲ್ಲ. ಅವರಿಲ್ಲದೆ ಸಾವಿರ ದಿನ ಏನೂ ಆಗದೆ ನಡೆಯಬಹುದು. ಅದಕ್ಕೇ ಅವರ ಹುದ್ದೆ ತುಂಬುವುದು ಯಾರಿಗೂ ಅರ್ಜೆಂಟ್ ಅನ್ನಿಸುವುದಿಲ್ಲ.

ಇದರಿಂದ ನಿಜವಾಗಿ ಅಪಘಾತ ಆಗಿದೆಯಾ? ಸುಮ್ನೆ ಹೆದರಿಸುತ್ತೀರಾ?

ಆಗಿದೆ. ಜನ ಕಡಿಮೆ ಇದ್ದದ್ದೊಂದೇ ಕಾರಣ ಅಂತ ಎಲ್ಲೂ ಹೇಳಲಾಗದು. ಆದರೆ ತನಿಖೆಗಳಲ್ಲಿ ಆ ಮಾತು ಬರುತ್ತಲೇ ಇರುತ್ತದೆ.

2002ರ ಜುಲೈ 1, ರಾತ್ರಿ ಹನ್ನೊಂದೂವರೆ ದಾಟಿತ್ತು. ಜರ್ಮನಿಯ ಉಬರ್ಲಿಂಗೆನ್ ಊರಿನ ಮೇಲೆ ರಷ್ಯಾದ ಪ್ರಯಾಣಿಕರ ವಿಮಾನವೂ ಒಂದು ಸರಕು ವಿಮಾನವೂ ಡಿಕ್ಕಿ ಹೊಡೆದವು. ಸತ್ತ 71 ಜನರಲ್ಲಿ ಹೆಚ್ಚಿನವರು ಮಕ್ಕಳು. ಆ ಆಕಾಶ ನೋಡಿಕೊಳ್ಳುತ್ತಿದ್ದದ್ದು ಪಕ್ಕದ ದೇಶದ ಜ್ಯೂರಿಕ್ ಕೇಂದ್ರ. ಡ್ಯೂಟಿಯಲ್ಲಿ ಇಬ್ಬರಿದ್ದರು, ಒಬ್ಬರು ವಿಶ್ರಾಂತಿಗೆ ಹೋಗಿದ್ದರು. ಉಳಿದ ಒಬ್ಬರು ಎರಡು ಪರದೆಗಳ ನಡುವೆ ಓಡಾಡುತ್ತಿದ್ದರು. ತಡವಾಗಿ ಬಂದ ಇನ್ನೊಂದು ವಿಮಾನವನ್ನು ಇಳಿಸಲು ಪಕ್ಕದ ನಿಲ್ದಾಣಕ್ಕೆ ಫೋನ್ ಮಾಡಬೇಕಿತ್ತು. ಅದೇ ಹೊತ್ತಿಗೆ ರಿಪೇರಿಗೆಂದು ಮುಖ್ಯ ಫೋನ್ ಲೈನ್ ಬಂದ್ ಮಾಡಿದ್ದರು. ಇವರು ಫೋನ್ ಹಿಡಿದು ಒದ್ದಾಡುವಾಗ ಅತ್ತ ಎರಡು ಚುಕ್ಕಿಗಳು ಹತ್ತಿರ ಬಂದವು. ಒಬ್ಬರು ವಿಶ್ರಾಂತಿಗೆ ಹೋದದ್ದರಿಂದಷ್ಟೇ ಏನೂ ಆಗುತ್ತಿರಲಿಲ್ಲವೇನೋ, ಫೋನ್ ಒಂದೇ ಬಂದ್ ಆಗಿದ್ದರೂ ಆಗುತ್ತಿರಲಿಲ್ಲವೇನೋ. ಎರಡೂ ಒಂದೇ ರಾತ್ರಿ ಬಂದವು.

2006ರ ಆಗಸ್ಟ್ 27ರಂದು ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಇನ್ನೊಂದು. ಬೆಳಗಿನ ಕತ್ತಲಲ್ಲಿ ಪೈಲಟ್‌ಗಳು ತಪ್ಪು ರನ್‌ವೇ ಹಿಡಿದರು. ಅದು ಗಿಡ್ಡ ರನ್‌ವೇ. ವಿಮಾನದಲ್ಲಿದ್ದ 50 ಜನರಲ್ಲಿ 49 ಜನ ಸತ್ತರು. ತಪ್ಪು ಪೈಲಟ್‌ಗಳದ್ದೇ ಅಂತ ತನಿಖೆ ಹೇಳಿತು. ಆದರೆ ಟವರ್‌ನಲ್ಲಿ ಇಬ್ಬರು ಇರಬೇಕಿದ್ದ ಹೊತ್ತಲ್ಲಿ ಒಬ್ಬರೇ ಇದ್ದರು. ಅವರು ಹಿಂದಿನ ಪಾಳಿ ಮುಗಿಸಿ, ಸುಮಾರು ಎರಡು ಗಂಟೆ ನಿದ್ದೆ ಮಾಡಿ, ಮತ್ತೆ ರಾತ್ರಿ ಪಾಳಿಗೆ ಬಂದಿದ್ದರು. ಟೇಕ್ ಆಫ್‌ಗೆ ಅನುಮತಿ ಕೊಟ್ಟು, ಕಿಟಕಿಗೆ ಬೆನ್ನು ಹಾಕಿ, ಎಷ್ಟು ವಿಮಾನ ಹೋದವು ಅಂತ ಲೆಕ್ಕ ಬರೆಯಲು ತಿರುಗಿದ್ದರು. ಆ ಲೆಕ್ಕ ಬರೆಯಲು ಇನ್ನೊಬ್ಬರಿದ್ದಿದ್ದರೆ ಅನ್ನುವ ಪ್ರಶ್ನೆ ನನ್ನ ತಲೆಯಿಂದ ಹೋಗುವುದೇ ಇಲ್ಲ.

2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಸೇನೆಯ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ಸತ್ತರು. ಅಲ್ಲೂ ಹೆಲಿಕಾಪ್ಟರ್‌ಗಳನ್ನು ನೋಡುವ ಕುರ್ಚಿ, ವಿಮಾನಗಳನ್ನು ನೋಡುವ ಕುರ್ಚಿ ಎರಡೂ ಒಬ್ಬರ ಕೈಯಲ್ಲಿದ್ದವು.

ನಮ್ಮ ಬೆಂಗಳೂರಲ್ಲಿ?

2022ರ ಜನವರಿ 9ರ ಬೆಳಗ್ಗೆ ಕೂದಲೆಳೆ ಅಂತರದಲ್ಲಿ ತಪ್ಪಿತು. ಒಂದು ರನ್‌ವೇಯಿಂದ ಹಾರಾಟ, ಇನ್ನೊಂದರಲ್ಲಿ ಇಳಿಯುವುದು ಅಂತ ನಡೆಯುತ್ತಿತ್ತು. ಪಾಳಿಯ ಮುಖ್ಯಸ್ಥರು ಇನ್ನು ಒಂದೇ ರನ್‌ವೇ ಸಾಕು ಅಂತ ತೀರ್ಮಾನ ಮಾಡಿದರು. ಆ ಮಾತು ದಕ್ಷಿಣದ ರನ್‌ವೇ ನೋಡುತ್ತಿದ್ದ ಕಂಟ್ರೋಲರ್‌ಗೆ ತಲುಪಲಿಲ್ಲ. ಪಕ್ಕಪಕ್ಕದ ಎರಡು ರನ್‌ವೇಗಳಿಂದ ಕೋಲ್ಕತ್ತಕ್ಕೊಂದು, ಭುವನೇಶ್ವರಕ್ಕೊಂದು ಇಂಡಿಗೋ ವಿಮಾನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎದ್ದು, ಒಂದೇ ಕಡೆಗೆ ವಾಲಿದವು. ಅಪ್ರೋಚ್ ರಾಡಾರ್ ಕಂಟ್ರೋಲರ್ ಪರದೆಯಲ್ಲಿ ಕಂಡು, ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಉಳಿದವು.

ಇದು ಜನ ಇಲ್ಲದೆ ಆದದ್ದಲ್ಲ, ಹೇಳದೆ ಆದದ್ದು. ಎರಡನ್ನೂ ಕಲೆಸಬಾರದು. ನಾನು ಇಲ್ಲಿ ಯಾಕೆ ಹೇಳಿದೆ ಅಂದರೆ, ಉಳಿಸಿದ್ದು ಯಾರು ನೋಡಿ: ಬೇರೆ ಕೋಣೆಯಲ್ಲಿ, ಬೇರೆ ಕುರ್ಚಿಯಲ್ಲಿ ಕೂತಿದ್ದ ಇನ್ನೊಬ್ಬರು.

ವಿಮಾನದಲ್ಲೇ ಡಿಕ್ಕಿ ತಪ್ಪಿಸುವ ಯಂತ್ರ ಇರುತ್ತದಲ್ವಾ?

ಇರುತ್ತದೆ. ಅದನ್ನು ಟಿಸಿಎಎಸ್ ಅನ್ನುತ್ತಾರೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ನಮ್ಮ ದೇಶ ಇದನ್ನು ಕಡ್ಡಾಯ ಮಾಡಿತು. ಎದುರು ವಿಮಾನ ಹತ್ತಿರ ಬಂದರೆ ಒಂದಕ್ಕೆ ಏರು ಅನ್ನುತ್ತದೆ, ಇನ್ನೊಂದಕ್ಕೆ ಇಳಿ ಅನ್ನುತ್ತದೆ. ಉಬರ್ಲಿಂಗೆನ್‌ನಲ್ಲಿ ಯಂತ್ರ ಏರು ಅಂದಿತು, ಕಂಟ್ರೋಲರ್ ಇಳಿ ಅಂದರು, ರಷ್ಯಾದ ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿದರು. ಅದಾದ ಮೇಲೆ ಯಂತ್ರದ ಮಾತೇ ಮೇಲು ಅಂತ ಎಲ್ಲ ಕಡೆ ಗಟ್ಟಿ ಮಾಡಿದರು.

ಆದರೆ ನೆಲದ ಹತ್ತಿರ, ಸುಮಾರು 1,000 ಅಡಿಗಿಂತ ಕೆಳಗೆ, ಈ ಯಂತ್ರ ಏರು ಇಳಿ ಅನ್ನುವುದಿಲ್ಲ. ರನ್‌ವೇ ಮೇಲೆ ಇದರಿಂದ ಉಪಯೋಗವೇ ಇಲ್ಲ. ಕಂಟ್ರೋಲರ್ ಅತಿ ಹೆಚ್ಚು ಬೇಕಾಗುವುದು ಅಲ್ಲೇ.

ಇಷ್ಟೊಂದು ನಿರುದ್ಯೋಗ ಇದೆ. ಜನ ತಗೊಂಡರೆ ಮುಗೀತಲ್ಲ?

ಇದನ್ನು ಕೇಳದವರೇ ಇಲ್ಲ. ಉತ್ತರ ಸ್ವಲ್ಪ ಉದ್ದ.

ಎಎಐ ಪರೀಕ್ಷೆ ನಡೆಸಿ ಜೂನಿಯರ್ ಎಕ್ಸಿಕ್ಯೂಟಿವ್ ಅಂತ ತೆಗೆದುಕೊಳ್ಳುತ್ತದೆ. 2025ರಲ್ಲಿ 309 ಹುದ್ದೆಗೆ ಕರೆದಿತ್ತು. ಪಾಸಾದವರು ಪ್ರಯಾಗ್‌ರಾಜ್, ಹೈದರಾಬಾದ್ ಅಥವಾ ಗೊಂದಿಯಾದಲ್ಲಿ ತರಬೇತಿ ಪಡೆಯುತ್ತಾರೆ. ಆಮೇಲೆ ಒಂದು ನಿಲ್ದಾಣಕ್ಕೆ ಹಾಕುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದಲೇ ಶುರು. ಆ ನಿಲ್ದಾಣದ ರನ್‌ವೇ, ಟ್ಯಾಕ್ಸಿವೇ, ಸುತ್ತಲಿನ ಬೆಟ್ಟ, ಗಾಳಿ, ಅಲ್ಲಿನ ನಿಯಮ ಎಲ್ಲ ಬಾಯಿಪಾಠ ಆಗಬೇಕು. ನಿಜವಾದ ವಿಮಾನಗಳ ಜೊತೆ ಮಾತಾಡುತ್ತಾ ತಿಂಗಳುಗಟ್ಟಲೆ ಕಲಿಯಬೇಕು. ಆಮೇಲೆ ಪರೀಕ್ಷೆ, ರೇಟಿಂಗ್, ಅಂದರೆ ಒಬ್ಬರೇ ಕೂತು ಕೆಲಸ ಮಾಡಲು ಅರ್ಹತೆ.

ಆ ರೇಟಿಂಗ್ ಆ ಕುರ್ಚಿಗೆ ಮಾತ್ರ. ಟವರ್‌ನ ರೇಟಿಂಗ್ ಇಟ್ಟುಕೊಂಡು ರಾಡಾರ್ ಮುಂದೆ ಕೂರುವ ಹಾಗಿಲ್ಲ. ಹತ್ತು ವರ್ಷ ಬೇರೆ ಊರಲ್ಲಿ ಕೆಲಸ ಮಾಡಿದವರೂ ಬೆಂಗಳೂರಿಗೆ ವರ್ಗವಾಗಿ ಬಂದರೆ ಇಲ್ಲಿ ಮೊದಲಿಂದ ಕಲಿಯಬೇಕು. ಬಸ್ ಕಂಡಕ್ಟರ್‌ನನ್ನು ಒಂದು ಡಿಪೋದಿಂದ ಇನ್ನೊಂದಕ್ಕೆ ಹಾಕಿದ ಹಾಗಲ್ಲ.

ಇನ್ನೊಂದು ಸಿಕ್ಕು ಇದೆ, ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಹೊಸಬರ ಹಿಂದೆ ಕೂತು ಕಲಿಸುವವರು ಯಾರು? ಅದೇ ನಿಲ್ದಾಣದ ಅನುಭವಸ್ಥ ಕಂಟ್ರೋಲರ್. ಅಂದರೆ ಹೊಸಬರು ಜಾಸ್ತಿ ಬಂದಷ್ಟೂ, ಅವರು ತಯಾರಾಗುವ ತನಕ ಇರುವ ಜನರ ಮೇಲಿನ ಭಾರ ಇಳಿಯುವ ಬದಲು ಏರುತ್ತದೆ. ನನ್ನ ತಂಗಿಗೆ ಅವಳ ಹಿಂದೆ ಕೂತವರು ಬೈದದ್ದಕ್ಕಿಂತ, ಬಾಯಿ ತೆರೆಯದೆ ಕೈಯನ್ನು ಮೈಕ್ ಗುಂಡಿಯ ಹತ್ತಿರ ತರುತ್ತಿದ್ದದ್ದೇ ಹೆಚ್ಚು ನೆನಪಂತೆ. ಆ ಕೈ ಮುಂದೆ ಬಂದರೆ ತಾನೇನೋ ತಪ್ಪು ಮಾಡುತ್ತಿದ್ದೇನೆ ಅಂತ ಗೊತ್ತಾಗುತ್ತಿತ್ತು.

ಅತ್ತ ನಿಲ್ದಾಣಗಳು ಹೆಚ್ಚುತ್ತಿವೆ. ನಮ್ಮ ರಾಜ್ಯದಲ್ಲೇ 2019ರಲ್ಲಿ ಕಲಬುರಗಿ, 2023ರಲ್ಲಿ ಶಿವಮೊಗ್ಗ ಶುರುವಾದವು. ಒಳ್ಳೆಯದೇ. ಆದರೆ ದಿನಕ್ಕೆ ನಾಲ್ಕೇ ವಿಮಾನ ಬಂದರೂ ಟವರ್‌ಗೆ ಜನ ಬೇಕು, ಅವರಿಗೆ ವಾರದ ರಜೆ ಬೇಕು, ರಜೆಗೆ ಬದಲಿ ಬೇಕು. ಊರಿಗೊಂದು ನಿಲ್ದಾಣ ಕೊಟ್ಟೆವು ಅಂತ ಟೇಪ್ ಕತ್ತರಿಸುವವರು ಈ ಲೆಕ್ಕ ಹೇಳಿದ್ದನ್ನು ನಾನು ಕೇಳಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಒಮ್ಮೆ ಕಳೆದುಕೊಂಡರೆ ತುಂಬಲು ಎಷ್ಟು ಕಾಲ ಬೇಕು ಅನ್ನುವುದಕ್ಕೆ ಅಮೆರಿಕವೇ ಸಾಕ್ಷಿ. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ಕಂಟ್ರೋಲರ್‌ಗಳನ್ನು ಅಧ್ಯಕ್ಷ ರೇಗನ್ ಕೆಲಸದಿಂದ ಕಿತ್ತುಹಾಕಿದರು. ಆ ಜಾಗ ತುಂಬಲು ವರ್ಷಗಳೇ ಹಿಡಿದವು. ಒಂದೇ ಸಲ ಸೇರಿಸಿಕೊಂಡವರು ಮುಂದೆ ಒಂದೇ ಸಲ ನಿವೃತ್ತರಾದರು. ಅಲ್ಲಿ ಕಂಟ್ರೋಲರ್‌ಗಳು 56ಕ್ಕೆ ಕುರ್ಚಿ ಬಿಡಬೇಕು. ಈಗಲೂ ಅಲ್ಲಿ ಸುಮಾರು 3,000 ಜನ ಕಡಿಮೆ ಇದ್ದಾರೆ ಅಂತ ಸರ್ಕಾರವೇ ಹೇಳಿದೆ.

ನಮ್ಮ ದೇಶದಲ್ಲಿ ಇದನ್ನು ಯಾರಾದರೂ ಒಪ್ಪಿಕೊಂಡಿದ್ದಾರಾ?

ಸಂಸತ್ತಿನ ಸ್ಥಾಯಿ ಸಮಿತಿ 2025ರ ಆಗಸ್ಟ್‌ನಲ್ಲಿ ವಿಮಾನಯಾನದ ಸುರಕ್ಷತೆ ಬಗ್ಗೆ ವರದಿ ಕೊಟ್ಟಿತು. ಕಂಟ್ರೋಲರ್‌ಗಳ ಕೊರತೆ, ಅವರ ದಣಿವು ಎರಡನ್ನೂ ಅದರಲ್ಲಿ ಎತ್ತಿತು. ತಮಾಷೆ ಅಂದರೆ, ಇವರ ಮೇಲೆ ಕಣ್ಣಿಡಬೇಕಾದ ಡಿಜಿಸಿಎಯಲ್ಲೇ ಅರ್ಧಕ್ಕರ್ಧ ಹುದ್ದೆ ಖಾಲಿ ಇವೆ ಅಂತ ಅದೇ ವರದಿ ಹೇಳಿತು.

ಕೂತು ಮಾತಾಡುವ ಕೆಲಸ ತಾನೇ? ದಣಿವು ಎಲ್ಲಿಂದ?

ನಾನೂ ಒಮ್ಮೆ ಹೀಗೆ ಕೇಳಿ ಬೈಸಿಕೊಂಡಿದ್ದೇನೆ. "ಅಣ್ಣಾ, ವಿಮಾನ ಜಾಸ್ತಿ ಇರುವಾಗ ನಂಗೆ ಭಯ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎರಡೇ ಎರಡು ಇರ್ತವಲ್ಲ, ಆಗ ಭಯ" ಅಂದಳು ತಂಗಿ. ಕೆಲಸ ಜಾಸ್ತಿ ಇದ್ದಾಗ ಮೈಯೆಲ್ಲ ಎಚ್ಚರವಾಗಿರುತ್ತದೆ. ಕಡಿಮೆಯಾದಾಗ ಕಣ್ಣು ತೆರೆದಿದ್ದರೂ ತಲೆ ನಿದ್ದೆಗೆ ಜಾರುತ್ತದೆ.

ಅದಕ್ಕೇ ಬ್ರಿಟನ್‌ನಲ್ಲಿ ಎರಡು ಗಂಟೆ ಕೂತರೆ ಅರ್ಧ ಗಂಟೆ ಎದ್ದು ಹೋಗಲೇಬೇಕು ಅಂತ ನಿಯಮ ಇದೆ. ಅಮೆರಿಕ 2024ರಲ್ಲಿ ಎರಡು ಪಾಳಿಗಳ ನಡುವಿನ ಬಿಡುವನ್ನು 10 ಗಂಟೆಗೆ ಏರಿಸುವುದಾಗಿ ಹೇಳಿತು. ನಮ್ಮಲ್ಲೂ ಡ್ಯೂಟಿ ಗಂಟೆಗಳಿಗೆ ಡಿಜಿಸಿಎ ಮಿತಿ ಹಾಕಿದೆ. ನಿಯಮ ಬರೆಯುವುದು ಸುಲಭ. ಬಿಡುವಿಗೆ ಎದ್ದವರ ಜಾಗದಲ್ಲಿ ಕೂರಲು ಒಬ್ಬರು ಬೇಕಲ್ಲ? ಲೆಕ್ಕ ಮತ್ತೆ ಅಲ್ಲಿಗೇ ಬರುತ್ತದೆ.

2025ರ ಡಿಸೆಂಬರ್‌ನಲ್ಲಿ ಇಂಡಿಗೋ ಸಾಲುಸಾಲು ರದ್ದಾಯಿತಲ್ಲ, ಅದೂ ಇದೇನಾ?

ಅಲ್ಲ. ಅದು ಪೈಲಟ್‌ಗಳದ್ದು. ಹೊಸ ನಿಯಮದಿಂದ ಪೈಲಟ್‌ಗಳ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು, ಒಬ್ಬ ಪೈಲಟ್ ರಾತ್ರಿ ಎಷ್ಟು ಸಲ ವಿಮಾನ ಇಳಿಸಬಹುದು ಅನ್ನುವ ಲೆಕ್ಕ ಕಡಿಮೆಯಾಯಿತು. ಅದಕ್ಕೆ ಬೇಕಾದಷ್ಟು ಜನರನ್ನು ಕಂಪನಿ ಮೊದಲೇ ಹೊಂದಿಸಿಕೊಳ್ಳದೆ ಬೆಂಗಳೂರೂ ಸೇರಿ ದೇಶದ ತುಂಬ ವಿಮಾನ ನಿಂತವು. ಹಾಗೇ 2025ರ ಜೂನ್ 12ರ ಅಹಮದಾಬಾದ್ ಅಪಘಾತವನ್ನೂ ಎಟಿಸಿ ತಲೆಗೆ ಕಟ್ಟುವವರಿದ್ದಾರೆ. ಪ್ರಾಥಮಿಕ ವರದಿಯಲ್ಲಿ ಚರ್ಚೆಯಾದದ್ದು ಇಂಜಿನ್‌ಗೆ ಇಂಧನ ಕೊಡುವ ಸ್ವಿಚ್‌ಗಳು.

ಎಲ್ಲ ಕಂಪ್ಯೂಟರ್‌ಗೆ ಕೊಟ್ಟುಬಿಟ್ಟರೆ?

ಐಟಿ ಊರಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಕಂಪ್ಯೂಟರ್ ಈಗಲೂ ಬೇಕಾದಷ್ಟಿದೆ. 2025ರ ನವೆಂಬರ್ 6, 7ರಂದು ದೆಹಲಿಯಲ್ಲಿ ವಿಮಾನಗಳ ಪ್ಲಾನ್ ಕಳಿಸುವ ಒಂದು ವ್ಯವಸ್ಥೆ ಕೈಕೊಟ್ಟಿತು. ಅದು ರಾಡಾರ್ ಅಲ್ಲ, ಬರೀ ಸಂದೇಶ ರವಾನಿಸುವ ವ್ಯವಸ್ಥೆ. 800ಕ್ಕೂ ಹೆಚ್ಚು ವಿಮಾನ ತಡವಾದವು. ಆವತ್ತು ಕಂಟ್ರೋಲರ್‌ಗಳು ಕೈಯಲ್ಲೇ ಪ್ಲಾನ್ ಸಿದ್ಧ ಮಾಡಿ ನಡೆಸಿದರು. ಕಂಪ್ಯೂಟರ್ ಕೆಟ್ಟ ದಿನವೇ ಜನ ಜಾಸ್ತಿ ಬೇಕಾಗುವುದು. ಸಾಫ್ಟ್‌ವೇರ್ ಬಂತು ಅಂತ ಜನ ಕಡಿಮೆ ಮಾಡಿದರೆ ಆ ದಿನ ಯಾರನ್ನು ಕರೆಯುವುದು?

"ಎಟಿಸಿ ಅನುಮತಿಗೆ ಕಾಯುತ್ತಿದ್ದೇವೆ" ಅಂತಾರಲ್ಲ, ಅದು ಜನ ಕಡಿಮೆ ಇದ್ದದ್ದಕ್ಕಾ?

ಆಗಿರಬಹುದು, ಆಗದೆಯೂ ಇರಬಹುದು. ಮುಂದಿನ ಊರಲ್ಲಿ ಮಳೆ, ದೇವನಹಳ್ಳಿಯಲ್ಲಿ ಡಿಸೆಂಬರ್ ಜನವರಿಯ ಮಂಜು, ರನ್‌ವೇ ಮೇಲೆ ಹಕ್ಕಿ, ಏನು ಬೇಕಾದರೂ. ಹೋದ ವರ್ಷ ನಾನೇ ಸೀಟ್ ಬೆಲ್ಟ್ ಕಟ್ಟಿಕೊಂಡು ಐವತ್ತು ನಿಮಿಷ ಕೂತಿದ್ದೆ. ಎಟಿಸಿ ಅಂತ ಎರಡು ಸಲ ಅನೌನ್ಸ್ ಮಾಡಿದರು. ಹಿಂದಿನ ಸಾಲಿನ ಅಂಕಲ್ "ಸರ್ಕಾರಿ ಕೆಲಸ, ಟೀ ಕುಡಿಯೋಕೆ ಹೋಗಿರ್ತಾರೆ" ಅಂದರು. ನನ್ನದು ಕಿಟಕಿ ಸೀಟು. ಲಗೇಜ್ ಗಾಡಿಯಿಂದ ಸೂಟ್‌ಕೇಸ್ ಇನ್ನೂ ಮೇಲೇರುತ್ತಲೇ ಇದ್ದವು. ಹೊರಡುವ ಸರದಿ ತಪ್ಪಿ ಹೊಸ ಸರದಿಗೆ ಕಾಯುವುದೂ ಅನೌನ್ಸ್‌ಮೆಂಟ್‌ನಲ್ಲಿ ಎಟಿಸಿಯೇ ಆಗುತ್ತದೆ.

ಇನ್ನು, ನಿಜವಾಗಿಯೂ ಜನ ಕಡಿಮೆ ಇದ್ದು ನಿಲ್ಲಿಸಿದ್ದರೆ? ಅದು ಸರಿಯಾದ ಕೆಲಸ. ನಾಲ್ಕು ವಿಮಾನ ನೋಡುವ ಶಕ್ತಿ ಇದ್ದಾಗ ಐದನೆಯದನ್ನು ನೆಲದಲ್ಲೇ ಇಡಬೇಕು. 2025ರ ನವೆಂಬರ್‌ನಲ್ಲಿ ಸರ್ಕಾರಿ ಸಂಬಳ ನಿಂತಾಗ ಅಮೆರಿಕ 40 ನಿಲ್ದಾಣಗಳಲ್ಲಿ ವಿಮಾನ ಕಡಿತ ಮಾಡಿದ್ದು ಇದೇ ಲೆಕ್ಕದಲ್ಲಿ. ನನಗೆ ಭಯ ಆಗುವುದು ಜನ ಕಡಿಮೆ ಇದ್ದೂ ಎಲ್ಲ ಟೈಮ್‌ಗೆ ಸರಿಯಾಗಿ ಹೊರಟಾಗ.

ನಮ್ಮ ಹುಡುಗಿ ಬಿಎಸ್ಸಿ. ಕನ್ನಡ ಮೀಡಿಯಂ. ಆಗುತ್ತದಾ?

ಖಂಡಿತ. ಭೌತಶಾಸ್ತ್ರ, ಗಣಿತ ಇರುವ ಬಿಎಸ್ಸಿ ಅಥವಾ ಇಂಜಿನಿಯರಿಂಗ್ ಆಗಿರಬೇಕು. ವಯಸ್ಸು 27 ದಾಟಿರಬಾರದು, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಮೂಲ ವೇತನ 40,000 ರೂಪಾಯಿಯಿಂದ ಶುರು, ಭತ್ಯೆ ಬೇರೆ. ಪರೀಕ್ಷೆ ಆದ ಮೇಲೆ ಧ್ವನಿ ಪರೀಕ್ಷೆ, ವೈದ್ಯಕೀಯ ಪರೀಕ್ಷೆ, ಮನಸ್ಸಿನ ಪರೀಕ್ಷೆ ಎಲ್ಲ ಇರುತ್ತವೆ. ಇಂಗ್ಲಿಷ್ ಸ್ಟೈಲಾಗಿ ಬೇಕಿಲ್ಲ, ಸ್ಪಷ್ಟವಾಗಿ ಬೇಕು. ರಾತ್ರಿ ಪಾಳಿ, ದೂರದ ಊರು, ಹಬ್ಬಕ್ಕೆ ರಜೆ ಸಿಗದಿರುವುದು, ಇದನ್ನು ಹುಡುಗಿಗಿಂತ ಮೊದಲು ಮನೆಯವರಿಗೆ ಹೇಳಿಡಿ.

ಮನೆಯಲ್ಲಿ ಕಂಟ್ರೋಲರ್ ಇದ್ದರೆ ಹೇಗಿರುತ್ತದೆ?

ಹೋದ ಯುಗಾದಿಗೆ ತಂಗಿ ರಾತ್ರಿ ಪಾಳಿ ಮುಗಿಸಿ, ಮೊದಲ ಬಸ್ ಹಿಡಿದು ನಮ್ಮನೆಗೆ ಬಂದಳು. ಒಬ್ಬಟ್ಟು ಎಲೆಗೆ ಬೀಳುವಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ. ಯಾರೂ ಎಬ್ಬಿಸಲಿಲ್ಲ.

ಸಂಜೆ ಅಮ್ಮ ಅಂಗಡಿಗೆ ಕಳಿಸಿದರು. ಪೈಲಟ್‌ಗೆ ಏನು ಹೇಳಿದರೂ ಅವರು ತಿರುಗಿ ಹೇಳಬೇಕು, ಕಂಟ್ರೋಲರ್ ಅದನ್ನು ಕೇಳಿ ಸರಿಯಿದೆಯಾ ಅಂತ ನೋಡಬೇಕು. ಅದೇ ಅಭ್ಯಾಸ ಅವಳಿಗೆ ಮನೆಯಲ್ಲೂ ಅಂಟಿದೆ.

"ಅರ್ಧ ಕೇಜಿ ತೊಗರಿಬೇಳೆ, ಒಂದು ಕಟ್ಟು ಕೊತ್ತಂಬರಿ, ಕಾಲು ಕೇಜಿ ರವೆ. ಸರಿನಾ ದೊಡ್ಡಮ್ಮಾ?"

"ತೊಗರಿಬೇಳೆ ಯಾರಮ್ಮ ಹೇಳಿದ್ದು? ಕಡ್ಲೆಬೇಳೆ."

"ಕರೆಕ್ಷನ್, ಕಡ್ಲೆಬೇಳೆ" ಅಂದು ಚಪ್ಪಲಿ ಮೆಟ್ಟಿದಳು.